ದೊಡ್ಡಪ್ಪ ವಿಂಗಡಿಸಿದ ಚಂದ್ರರು

ನಮ್ಮ ದೊಡ್ಡಪ್ಪ ಭೂಮಿಯ ಮೇಲೆ ಇರುತ್ತಿದ್ದುದು ಊಟ, ನಿದ್ದೆಗೆ ಮಾತ್ರ. ಉಳಿದ ಹೊತ್ತೆಲ್ಲ ಶನಿ, ಗುರುಗಳ ಆಸುಪಾಸಿನಲ್ಲೇ! ಒಂದು ಬುಟ್ಟಿ ಕಿತ್ತಳೆ ತಂದರೆ, ಗ್ರಹಗಳ ಗಾತ್ರದ ಪ್ರಕಾರ ಸಾಲಾಗಿ ಜೋಡಿಸುವ ತನಕ ಒಬ್ಬರಿಗೂ ಸುಲಿಯಲು ಬಿಡುತ್ತಿರಲಿಲ್ಲ. ಇಂಥವರನ್ನು ಕಟ್ಟಿಕೊಂಡು ದೊಡ್ಡಮ್ಮ ಹೇಗೆ ಬಾಳಿದರು ಅಂತೀರಾ?

ಕೊಡಗು ತನ್ನದೇ ರಾಜ್ಯವಾಗಿದ್ದ ದಿನಗಳು. ದೊಡ್ಡಪ್ಪ ಮಾದಾಪುರದಲ್ಲಿ ಮೇಷ್ಟ್ರು. ನನಗೆ ಕಂಕಣಬಲ ಕೂಡಿಬರಲೆಂದು ದೊಡ್ಡಮ್ಮ ನವಗ್ರಹ ಪೂಜೆ ಇಡಿಸಿದರು. ಭಟ್ಟರು ಮಂಡಲ ಬರೆದು ಮುಗಿಸಿದ್ದರಷ್ಟೆ, ದೊಡ್ಡಪ್ಪ ಬಂದು ಬಗ್ಗಿ ನೋಡಿದರು.

“ಸೂರ್ಯ ನಕ್ಷತ್ರ, ಚಂದ್ರ ಉಪಗ್ರಹ, ರಾಹು ಕೇತು ಇಲ್ಲವೇ ಇಲ್ಲ. ನಾಲ್ಕನ್ನೂ ತೆಗೀರಿ ಭಟ್ರೆ! ಆ ಜಾಗಕ್ಕೆ ಯುರೇನಸ್, ನೆಪ್ಚೂನ್, ಪ್ಲೂಟೊ, ಭೂಮಿ ಇಡಿ. ಒಂಬತ್ತು ಸರಿಹೋಯ್ತಲ್ಲ!”

ಭಟ್ಟರ ಕೈಯ ಅಕ್ಷತೆ ನೆಲಕ್ಕೆ ಬಿತ್ತು. “ಭೂಮಿ ಮೇಲೇ ಕೂತಿದೀನಲ್ಲ ಸ್ವಾಮಿ, ಅದನ್ನ ಎಲ್ಲಿಂದ ಎತ್ತಿಡ್ಲಿ?”

ಅರ್ಧಂಬರ್ಧ ಪೂಜೆಗೇ ಫಲ ಸಿಕ್ಕಿತೋ ಏನೋ, ಕುಶಾಲನಗರದಿಂದ ಗಂಡಿನ ಕಡೆಯವರು ಬಂದೇಬಿಟ್ಟರು. ಆಕಾಶದ ಸುದ್ದಿ ಎತ್ತುವುದಿಲ್ಲವೆಂದು ದೊಡ್ಡಪ್ಪನಿಂದ ದೊಡ್ಡಮ್ಮ ಮೊದಲೇ ಆಣೆ ಹಾಕಿಸಿಕೊಂಡಿದ್ದರು. ಪಾಪ, ಉಪ್ಪಿಟ್ಟು ಮುಗಿಯುವವರೆಗೂ ದೊಡ್ಡಪ್ಪ ಬಾಯಿ ಬಿಡಲಿಲ್ಲ. ಆಗ ಗಂಡಿನ ತಾಯಿ ಕೇಳಿದರು: “ಹುಡುಗಿ ನಿಮ್ಮ ಸ್ವಂತ ತಮ್ಮನ ಮಗಳೇ ಅಲ್ವಾ ಮೇಷ್ಟ್ರೆ?”

“ಅಲ್ಲ.”

ದೊಡ್ಡಮ್ಮ ಬಾಗಿಲು ಹಿಡಿದುಕೊಂಡರು.

“ನೋಡಿ, ಚಂದ್ರರನ್ನ ಮೂರು ತರ ವಿಂಗಡಿಸಬಹುದು. ಒಂದು, ಗಾತ್ರ. ಗುರುವಿನ ಒಂದು ಚಂದ್ರ ಬುಧಗ್ರಹಕ್ಕಿಂತ ದೊಡ್ಡದು! ಎರಡು, ಆಕಾರ. ತೀರ ದಪ್ಪ ಇದ್ರೆ ತನ್ನ ಭಾರಕ್ಕೇ ಉರುಟಾಗುತ್ತೆ,” ಎನ್ನುತ್ತ ಗಂಡಿನ ತಂದೆಯ ಹೊಟ್ಟೆಯನ್ನೇ ನೋಡಿದರು. “ಮೂರು, ಹುಟ್ಟು. ಕೆಲವು ಗ್ರಹದ ಜೊತೆಗೇ ಹುಟ್ಟಿದ್ದು. ಕೆಲವು ಎಲ್ಲೋ ಅಲೀತಿದ್ದು ಬಂದು ಸೇರಿಕೊಂಡಿದ್ದು. ಇವಳು ಆ ಬಗೆ. ಎಸ್ಟೇಟಲ್ಲಿ ಲೆಕ್ಕ ಬರೀತಿದ್ದ ರೈಟರ ಮಗಳು. ಅಪ್ಪ ಅಮ್ಮ ಇಬ್ಬರೂ ಜ್ವರದಲ್ಲಿ ಹೋದಾಗ ಎರಡು ವರ್ಷದ ಮಗು. ನಾವು ಕರ್ಕೊಂಡು ಬಂದ್ವಿ.”

ಬಂದವರಿಗೆ ಆಘಾತ! ದೊಡ್ಡಮ್ಮನಿಗೆ ಆಘಾತ! ಎಲ್ಲರಿಗಿಂತ ಹೆಚ್ಚು ನನಗೆ! ದೊಡ್ಡಪ್ಪನ ತೀರಿಹೋದ ತಮ್ಮನೇ ನನ್ನ ತಂದೆ ಎಂದು ಹತ್ತೊಂಬತ್ತನೇ ವಯಸ್ಸಿನವರೆಗೂ ನಂಬಿಕೊಂಡಿದ್ದವಳು ನಾನು.

ಗಂಡಿನ ಕಡೆಯವರು ಕಾಫಿಯನ್ನೂ ಕುಡಿಯದೆ ಎದ್ದರು. ನಾನು ಅಡುಗೆಮನೆಯ ಮೂಲೆ ಸೇರಿ ಅತ್ತೆ. “ಅದೊಂದು ಸುಳ್ಳು ಹೇಳಕ್ಕಾಗ್ತಿರ್ಲಿಲ್ವಾ ನಿಮ್ಗೆ?” ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡರು. ದೊಡ್ಡಪ್ಪ ಬಂದು, ಇಸ್ತ್ರಿ ಪಂಚೆಯಲ್ಲೇ ನನ್ನ ಪಕ್ಕ ನೆಲದ ಮೇಲೆ ಕುಳಿತರು.

“ಇಷ್ಟು ವರ್ಷ ನಂಗ್ಯಾಕೆ ಹೇಳ್ಲಿಲ್ಲ ದೊಡ್ಡಪ್ಪಾ?”

“ಮರ್ತೇ ಹೋಗಿತ್ತು ಮಗಾ,” ಎಂದರು. “ಆ ಯಮ್ಮ ಕೇಳಿದ್ಮೇಲೇ ನೆನಪಾಗಿದ್ದು.”