ಒಂದು ಸ್ಕ್ರೂ ಮಿಕ್ಕಿತು

ಮನೆಯಲ್ಲಿ ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು, ಗಂಡಸರು ತಾವು ಅರ್ಧ ಎಂಜಿನಿಯರ್ ಎಂದೇ ತಿಳಿದುಕೊಳ್ಳುತ್ತಾರೆ. ಆಫೀಸಿನಲ್ಲಿ ಫೈಲಿಗೆ ದಾರ ಕಟ್ಟುವುದು ಬಿಟ್ಟರೆ ಬೇರೆ ಕೈಕೆಲಸ ಅರಿಯದ ನನಗೂ ಆ ಭ್ರಮೆ ಇತ್ತು. ನಾನು ರಿಪೇರಿ ಮಾಡಿದ ಮೇಲೆ ನಮ್ಮ ಟೇಬಲ್ ಫ್ಯಾನು ಗೋಡೆಯ ಕಡೆಗೆ ಮಾತ್ರ ತಿರುಗುತ್ತಿತ್ತು. ಗೋಡೆ ಬಹಳ ತಂಪಾಗಿತ್ತು. ಅದನ್ನು ನಗುತ್ತಾ ಹೇಳಬಲ್ಲೆ. ಹೊಲಿಗೆ ಮಿಷನ್ನಿನ ವಿಷಯ ಹಾಗಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಬನಶಂಕರಿಯಲ್ಲಿ ಬಾಡಿಗೆಗಿದ್ದೆವು. ನನ್ನ ಹೆಂಡತಿ ಸರೋಜ ತವರಿನಿಂದ ತಂದ ಮಿಷನ್ನಿನಲ್ಲಿ ಹೊಲಿದರೆ ಗೆರೆ ಎಳೆದ ಹಾಗಿರುತ್ತಿತ್ತು. ಜಯನಗರ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನಲ್ಲಿ ಮಕ್ಕಳ ಬಟ್ಟೆಯ ಅಂಗಡಿ ಇಟ್ಟಿದ್ದ ಹೆಂಗಸೊಬ್ಬರು, "ಶನಿವಾರ ಎರಡು ಫ್ರಾಕ್ ಹೊಲಿದು ತನ್ನಿ ಮೇಡಂ. ಚೆನ್ನಾಗಿದ್ರೆ ಮುಂದಿನ ಕೆಲಸ ಎಲ್ಲಾ ನಿಮಗೇ" ಎಂದರಂತೆ. ಅಂದು ಸರೋಜ ಸಂಭ್ರಮದಲ್ಲಿ ಹುಳಿಗೆ ಎರಡು ಸಲ ಉಪ್ಪು ಹಾಕಿದಳು. ನಾನು ಮಾತಾಡದೆ ಉಂಡೆ.

ಗುರುವಾರ ಸಂಜೆ ಅವಳು ತರಕಾರಿಗೆ ಹೋದಾಗ, ಉಪಕಾರ ಮಾಡೋಣವೆಂದು ಮಿಷನ್ನಿಗೆ ಎಣ್ಣೆ ಬಿಟ್ಟೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಕೆಳದಾರದ ಬಾಬಿನ್ ಕೂರುವ ಪುಟ್ಟ ಡಬ್ಬಿಯನ್ನೂ ಬಿಚ್ಚಿ, ಒರೆಸಿ, ಜೋಡಿಸಿದೆ. ಸಾಸಿವೆಕಾಳಿನಷ್ಟು ಒಂದು ಸ್ಕ್ರೂ ಮಿಕ್ಕಿತು. ಹೆಚ್ಚಿನದಿರಬೇಕೆಂದು ಜೇಬಿಗೆ ಹಾಕಿಕೊಂಡೆ.

ಶುಕ್ರವಾರ ಸರೋಜ ಹೊಲಿಯಲು ಕೂತರೆ ಕೆಳಗಿನ ದಾರ ಮೇಲೆದ್ದು ಕುಣಿಕೆ ಕುಣಿಕೆಯಾಗಿ ಬಂತು. ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಬಿಚ್ಚಿದ ಕಡೆಯೆಲ್ಲ ಸೂಜಿಯ ತೂತು ಉಳಿಯಿತು.

"ರೀ, ನೀವೇನಾದ್ರೂ ಮುಟ್ಟಿದ್ರಾ?"

"ಎಣ್ಣೆ ಬಿಟ್ಟೆ, ಅಷ್ಟೇ" ಎಂದೆ. ಜೇಬಿನಲ್ಲಿದ್ದುದು ಏನೆಂದು ಆ ಹೊತ್ತಿಗೆ ನನಗೆ ಅರ್ಥವಾಗಿತ್ತು. ಆದರೆ ಫ್ಯಾನಿನ ಜೊತೆಗೆ ಇದೂ ಸೇರಿದರೆ ಮನೆಯಲ್ಲಿ ನನ್ನ ಮರ್ಯಾದೆ ಏನಾದೀತು?

ಶನಿವಾರ ಅಂಗಡಿಯವರು ಎರಡೂ ಫ್ರಾಕನ್ನು ಹಿಂದೆ ಮುಂದೆ ನೋಡಿ, "ಕಟಿಂಗ್ ಚೆನ್ನಾಗಿದೆ, ಹೊಲಿಗೆ ಇನ್ನೂ ಪಳಗಬೇಕು" ಎಂದು ವಾಪಸು ಕೊಟ್ಟರಂತೆ. ಮನೆಗೆ ಬಂದ ಸರೋಜ ಮಿಷನ್ನಿಗೆ ಹಳೆಯ ಸೀರೆ ಹೊದಿಸಿ, "ನನ್ನ ಕೈಲಿ ಆಗಲ್ಲ ಅನ್ಸುತ್ತೆ ರೀ" ಎಂದಳು. ನಾನು, "ಎಲ್ಲರಿಗೂ ಎಲ್ಲಾ ಬರಲ್ಲ, ಬಿಡು" ಎಂದು ಸಮಾಧಾನ ಹೇಳಿದೆ! ಅವಳು ಹೂಂಗುಟ್ಟಿದಳು. ಬೈದಿದ್ದರೆ ವಾಸಿಯಿತ್ತು.

ನಾಲ್ಕು ದಿನ ಮಿಷನ್ನಿನ ಸದ್ದಿಲ್ಲದ ಮನೆಯಲ್ಲಿದ್ದು ಸೋತು, ಬುಧವಾರ ಸ್ಕ್ರೂವನ್ನು ಅವಳ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಅದನ್ನು ಕೂರಿಸಿ, ಚೂರುಬಟ್ಟೆಯೊಂದರ ಮೇಲೆ ಹೊಲಿದು ನೋಡಿದಳು. ನೆಟ್ಟಗೆ ಬಂತು. ಆ ಬಟ್ಟೆಯನ್ನು ಸವರುತ್ತಾ ಕೇಳಿದಳು: "ಸ್ಕ್ರೂ ತೆಗೆದಿದ್ದು ಹೋಗ್ಲಿ ಬಿಡಿ. ನನಗೇ ಬರಲ್ಲ ಅಂತ ನಾನು ನಂಬಿಕೊಂಡು ಕೂತಿದ್ನಲ್ಲ, ಅದನ್ನ ನೋಡ್ತಾ ಹೇಗ್ರೀ ಊಟ ಮಾಡಿದ್ರಿ?"

ಮರುದಿನ ಆಫೀಸಿಗೆ ರಜೆ ಹಾಕಿ ಅಂಗಡಿಗೆ ಹೋಗಿ, ತಪ್ಪು ನನ್ನದೆಂದು ಹೇಳಿದೆ.

"ಬೇರೆಯವರಿಗೆ ಕೊಟ್ಟಾಯ್ತಲ್ಲ ಸಾರ್" ಎಂದ ಆಕೆ, ನನ್ನನ್ನೇ ಮೆಚ್ಚುಗೆಯಿಂದ ನೋಡಿದರು. "ಆದ್ರೂ ಹೆಂಡತಿಗೋಸ್ಕರ ತಪ್ಪನ್ನ ತಮ್ಮ ಮೈಮೇಲೆ ಹಾಕ್ಕೊಂಡು ಬರೋ ಗಂಡಂದಿರು ಎಲ್ಲಿದ್ದಾರೆ ಸಾರ್? ನೀವು ತುಂಬಾ ಒಳ್ಳೆಯವರು."

ಇಲ್ಲ ಮೇಡಂ, ನಿಜವಾಗಿ ನಾನೇ ಕೆಡಿಸಿದ್ದು ಎಂದು ಇನ್ನೊಮ್ಮೆ ಹೇಳಬೇಕಿತ್ತು. ಕೈಮುಗಿದು ಬಂದುಬಿಟ್ಟೆ.

"ಏನಂದ್ರು?" ಎಂದು ಸರೋಜ ಬಾಗಿಲಲ್ಲೇ ಕೇಳಿದಳು. ಕೆಲಸ ಬೇರೆಯವರಿಗೆ ಹೋಯಿತಂತೆ ಎಂದೆ. ಮಿಕ್ಕ ಮಾತನ್ನು ಇವತ್ತಿನವರೆಗೂ ಅವಳಿಗೆ ಹೇಳಿಲ್ಲ.