ಮದುವೆಮನೆ ಹಿಂಬಾಗಿಲಿಗೆ ನಮ್ಮ ವ್ಯಾನು

ಖಾಲಿ ಡಬರಿ ಹಿಡಿದು ಮದುವೆಮನೆ ಹಿಂಬಾಗಿಲಲ್ಲಿ ನಿಂತರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಆಗದ ದಿನ ನನಗೇ ಅನುಮಾನ, ಅಡ್ರೆಸ್ ತಪ್ಪಿತೇನೋ ಅಂತ.

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಲಾರಿ ಕ್ಲೀನರ್ ಆದೆ, ಶಾಮಿಯಾನ ಕಟ್ಟಿದೆ, ಜೇನುಪೆಟ್ಟಿಗೆ ಹೊತ್ತೆ. ಎಲ್ಲೂ ಒಂದು ಮಳೆಗಾಲ ಪೂರ್ತಿ ನಿಂತವನಲ್ಲ. ಈಗ ಬಾಳಗಡಿಯ ಒಂದು ಅಡುಗೆಮನೆಗೆ ವ್ಯಾನ್ ಓಡಿಸುತ್ತೇನೆ. ಸಮಾರಂಭಗಳಲ್ಲಿ ಬಡಿಸದೆ ಮಿಕ್ಕ ಊಟವನ್ನು ಬಿಸಿ ಆರುವ ಮೊದಲೇ ತಂದು, ಹಸಿದವರಿಗೆ ಹಾಕುವುದು ನಮ್ಮ ಕೆಲಸ. ಜೊತೆಗೆ, ಕೆಲಸವಿಲ್ಲದವರಿಗೆ ಅಲ್ಲೇ ಮೂರು ತಿಂಗಳು ಅಡುಗೆ ಕಲಿಸುತ್ತಾರೆ. ಮೊದಲ ಸಲ ಕಲಿತ ಐವರಲ್ಲಿ ನಾಲ್ವರಿಗೆ ಕೆಲಸ ಸಿಕ್ಕಿತು. ಉಳಿದವಳು ಮುತ್ತಿನಕೊಪ್ಪದ ಅಕ್ಕ. ಕೈರುಚಿ ಅವಳದ್ದೇ ಎಲ್ಲರಿಗಿಂತ ಮೇಲು. ಆದರೆ ಹೋದಲ್ಲೆಲ್ಲ ಒಂದೇ ಮಾತು: "ಮಿಕ್ಕಿದ್ದು ಬಿಸಿ ಮಾಡೋರಾ ನೀವು?" ಕಲಿತು ಮುಗಿದವರು ಇನ್ನೊಂದು ತಿಂಗಳು ಮಾತ್ರ ಅಲ್ಲಿ ಉಳಿಯಬಹುದು; ಅಷ್ಟರೊಳಗೆ ಕೆಲಸ ಸಿಗದಿದ್ದರೆ ಮತ್ತೆ ಅಡಿಕೆ ಸುಲಿಯೋಕೆ ಹೋಗಬೇಕು. "ಬೆರಳು ಸವೆದು ಹೋಗಿದೆ ಕಣೋ, ಇನ್ನು ಸುಲಿಯಕ್ಕೆ ನಾನು ಹೋಗಲ್ಲ" ಅಂತ ಕೂತಿದ್ದಳು.

ಮೊದಲು ಎಲೆ, ಆಮೇಲೆ ಡಬರಿ

ಶೃಂಗೇರಿ ಕಡೆ ಒಂದು ಉಪನಯನ. ಫೋನ್ ಬಂತು, ಹೋದೆ. ಯಜಮಾನರು ಕೈ ಹಿಡಿದು ಎಳೆದರು.

"ಮೊದಲು ಎಲೆ ಮುಂದೆ ಕೂತ್ಕೊ."

"ನಾನು ಊಟ ತಗೊಂಡು ಹೋಗೋಕೆ ಬಂದೋನು ಸ್ವಾಮಿ."

"ಮೊದಲು ಹೊಟ್ಟೇಲಿ ತಗೊಂಡ್ಹೋಗು. ಉಣ್ಣದೆ ಹೋದವನ ಕೈಗೆ ನಮ್ಮನೇಲಿ ಏನೂ ಕೊಡಲ್ಲ."

ಉಂಡೆ. ಅಲ್ಲಿಂದ ಒಂದು ಗೃಹಪ್ರವೇಶ; ಅಲ್ಲೂ ಇದೇ ಮಾತು, ಮೇಲೆ ಎರಡು ಹೋಳಿಗೆ. ಮೂರನೆಯದು ಒಂದು ನಿಶ್ಚಿತಾರ್ಥ. ಅಲ್ಲಿನ ಅಜ್ಜಿ ಪಕ್ಕದಲ್ಲೇ ಕೂತು, "ಎಂತ ಮಾಣಿ, ಹಕ್ಕಿ ಹಂಗೆ ತಿಂತೆ" ಅಂತ ಬೈದು ಬೈದು ಬಡಿಸಿದರು. ಸ್ಟೇರಿಂಗಿಗೂ ಹೊಟ್ಟೆಗೂ ನಡುವೆ ಜಾಗವಿಲ್ಲದೆ ಬಾಳಗಡಿ ತಲುಪಿದೆ. ಅಲ್ಲಿ ಅಡುಗೆ ಕಲಿಸುವ ಟೀಚರಮ್ಮ ಕೇಳಿದರು, "ಎಷ್ಟು ಜನರ ಊಟ ಉಳಿಸಿದೆಯಪ್ಪ ಇವತ್ತು?"

"ಪಾತ್ರೇಲಿ ಅರವತ್ತು ಜನದ್ದು. ಹೊಟ್ಟೇಲಿ ನಾಲ್ಕು ಜನದ್ದು."

ಉಳಿಯದ ಪಾಯಸ

ಕೊಪ್ಪದ ಒಂದು ಮದುವೆ. ಊಟ ಉಳಿಯಿತು ಅಂದರೆ ಕರೆದವರು ಬರಲಿಲ್ಲ ಅಂತ ಅರ್ಥವಲ್ಲವೇ? ಹಾಗಾಗಿ ಹುಡುಗಿಯ ಅಪ್ಪ ಬಾಗಿಲಿಗೆ ಅಡ್ಡ ನಿಂತು, "ನಮ್ಮಲ್ಲಿ ಒಂದು ಅಗುಳೂ ಉಳಿದಿಲ್ಲ" ಅಂದರು. ಅವರ ಬೆನ್ನ ಹಿಂದೆ ಬಾಳೆಲೆ ಮುಚ್ಚಿದ ಎರಡು ಕೊಪ್ಪರಿಗೆ ಹಬೆಯಾಡುತ್ತಿದ್ದವು.

ಜೊತೆಗೆ ಬಂದಿದ್ದ ಟೀಚರಮ್ಮ ಜಾಣೆ. "ಸರಿ ಬಿಡಿ. ಆ ಎರಡು ಪಾತ್ರೆ ತೊಳೆದಾದ್ರೂ ತಂದು ಕೊಡ್ತೀವಿ, ನಿಮ್ಮೋರಿಗೂ ಸುಸ್ತಾಗಿದೆ."

ಅವರು ಆಚೆ ಈಚೆ ನೋಡಿ, "ಹಂಗಾದ್ರೆ ತಗೊಂಡ್ಹೋಗಿ. ಒಳಗೆ ಏನಿದೆಯೋ ನಂಗೆ ಗೊತ್ತಿಲ್ಲ" ಅಂದರು.

ಸಂಜೆ ಅವರದ್ದೇ ಫೋನ್, ಪಿಸುದನಿಯಲ್ಲಿ: "ಪಾತ್ರೆ ತೊಳೆದಾಯ್ತಾ? ಅಲ್ಲ, ಪಾಯಸಕ್ಕೆ ಏಲಕ್ಕಿ ಸರಿಯಾಗಿತ್ತಂತಾ?"

ಒಂದು ಪ್ಲೇಟ್ ಉಪ್ಪಿಟ್ಟು

ನರಸಿಂಹರಾಜಪುರದ ಒಂದು ಸಣ್ಣ ಹೋಟೆಲಿಗೆ ಅಕ್ಕನನ್ನು ಕೆಲಸ ಕೇಳಲು ಬಿಟ್ಟು ಬಂದೆ. ಮಾಲೀಕ, "ಉಪ್ಪಿಟ್ಟು ಮಾಡು, ರುಚಿ ನೋಡ್ತೀನಿ" ಅಂದು ಗಲ್ಲಾದಲ್ಲಿ ಕೂತ. ನಮ್ಮ ಅಡುಗೆಮನೆಯಲ್ಲಿ ಚಿಕ್ಕ ಬಾಣಲೆ ಅನ್ನುವುದೇ ಇಲ್ಲ. ಅಕ್ಕ ಅದೇ ಅಭ್ಯಾಸದಲ್ಲಿ ಹೋಟೆಲಿನ ಅಟ್ಟದ ಮೇಲಿದ್ದ ದೊಡ್ಡ ಬಾಣಲೆ ಇಳಿಸಿ, ಡಬ್ಬದಲ್ಲಿದ್ದ ರವೆಯನ್ನೆಲ್ಲ ಹುರಿದಳು. ಮಾಲೀಕ ಒಳಗೆ ಬಂದಾಗ ಇಡೀ ಬಸ್‌ಸ್ಟ್ಯಾಂಡಿಗೆ ಆಗುವಷ್ಟು ಉಪ್ಪಿಟ್ಟು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. "ಊಟ ಉಳಿದ್ರೆ ಬರೋ ವ್ಯಾನಿನೋನು ನೀನೇನಾ? ಬೇಗ ಬಾ ಮಾರಾಯ. ಉಪ್ಪಿಟ್ಟೂ ತಗೊಂಡ್ಹೋಗು, ಮಾಡಿದೋಳನ್ನೂ ತಗೊಂಡ್ಹೋಗು!"

ಬಾಳಗಡಿ ಹತ್ತಿರ ಬಂದಾಗ ಅಕ್ಕ ಹೇಳಿದಳು, "ರುಚಿ ಹೆಂಗಿತ್ತು ಅಂತ ಕೊನೆಗೂ ಹೇಳ್ಲೇ ಇಲ್ಲ ನೋಡು ಅವನು. ಎರಡು ಸಲ ಹಾಕ್ಕೊಂಡು ತಿಂದ."

ಎರಡನೇ ಬಸ್ಸು

ತಿಂಗಳು ಮುಗಿಯಲು ಎರಡೇ ದಿನ. ನರಸಿಂಹರಾಜಪುರದಲ್ಲೇ ಒಂದು ದೊಡ್ಡ ಮದುವೆ. ಅಲ್ಲಿಯ ಅಡುಗೆ ಕಂಟ್ರಾಕ್ಟರ್ ಅಂದರೆ ಮೂರು ತಾಲೂಕಿಗೂ ಹೆಸರುವಾಸಿ. ಅಕ್ಕನನ್ನು ಹಿಂದೆ ವಾಪಸ್ ಕಳಿಸಿದವರಲ್ಲಿ ಅವರೂ ಒಬ್ಬರು. ನಾವಿಬ್ಬರೂ ಡಬರಿ ಹಿಡಿದು ಹಿಂಬಾಗಿಲಿಗೆ ಹೋದರೆ, ಮನುಷ್ಯ ತಲೆ ಮೇಲೆ ಕೈಹೊತ್ತು ಕೂತಿದ್ದರು. ಗಂಡಿನ ಕಡೆಯ ಎರಡನೇ ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತಿತ್ತಂತೆ. ಅದು ಬರಲ್ಲ ಅಂದುಕೊಂಡು ಹೆಣ್ಣಿನ ಕಡೆಯವರು ಮೇಲಿಂದ ಮೇಲೆ ಬಡಿಸಿಬಿಟ್ಟಿದ್ದಾರೆ. ಈಗ ಬಸ್ಸು ಬಂದಿದೆ. ಐವತ್ತು ಜನ ಕೈಕಾಲು ತೊಳೆಯುತ್ತಿದ್ದಾರೆ. ಅನ್ನವಿಲ್ಲ, ಸಾರಿಲ್ಲ.

"ಉಳಿದಿದ್ದು ಕೇಳೋಕೆ ಬಂದ್ಯಾ? ನನ್ನ ಮಾನ ಒಂದು ಉಳಿದಿತ್ತು, ಅದೂ ಹೋಯ್ತು" ಅಂದರು ಕಂಟ್ರಾಕ್ಟರ್.

ಅಕ್ಕ ಸೆರಗು ಸಿಕ್ಕಿಸಿದಳು. ಉಗ್ರಾಣಕ್ಕೆ ನುಗ್ಗಿ ಅಲ್ಲಿಂದಲೇ ಕೂಗತೊಡಗಿದಳು: "ಬೆಳಗ್ಗೆ ತಿಂಡಿದು ಅವಲಕ್ಕಿ ಇಷ್ಟಿದೆ! ಹುಣಸೆಹಣ್ಣಿದೆ, ಬೆಲ್ಲ ಇದೆ! ಸೌತೆಕಾಯಿ ರಾಶಿ ಇದೆ, ಮೊಸರಿದೆ! ಏನಿಲ್ಲ ಅಂತೀರ್ರೀ ನೀವು?" ನನ್ನ ಕಡೆ ತಿರುಗಿ, "ನೀನು ಹೋಗಿ ಎಲೆ ಹಾಕ್ಸು. ಮಿಕ್ಕಿರೋ ಕೋಸಂಬರಿ ಬಡಿಸಿ ಯೋಗಕ್ಷೇಮ ವಿಚಾರಿಸ್ತಾ ಇರು. ಒಬ್ಬೊಬ್ಬರದ್ದೂ ವಿಚಾರಿಸು!"

ಕೊನೆಯ ಎಲೆಯವರ ಸೊಂಟನೋವು ವಿಚಾರಿಸಿ ಮುಗಿಯುವಾಗ ಗೊಜ್ಜವಲಕ್ಕಿ ಬಂತು. ಹಿಂದೆಯೇ ಸೌತೆಕಾಯಿ ಮಜ್ಜಿಗೆಹುಳಿ, ಅದರ ಹಿಂದೆ ಬೆಲ್ಲ ಕಾಯಿ ಕಲಸಿದ ಅವಲಕ್ಕಿ. ಗಂಡಿನ ಸೋದರಮಾವ ಎಲೆ ನೆಕ್ಕುವುದೊಂದು ಬಾಕಿ. "ಆಹಾ, ಮದುವೇಲಿ ಗೊಜ್ಜವಲಕ್ಕಿ! ಹೊಸ ಐಡಿಯಾ!"

ಅದು ಹೆಣ್ಣಿನ ಕಡೆಯವರ ಕಿವಿಗೆ ಬಿತ್ತು. "ಅವರಿಗೆ ಮಾತ್ರ ಸ್ಪೆಷಲ್ಲಾ? ನಮಗ್ಯಾಕೆ ಹಾಕ್ಲಿಲ್ಲ?" ಅನ್ನುತ್ತಾ, ಒಮ್ಮೆ ಉಂಡು ಎಲೆಅಡಿಕೆ ಜಗಿಯುತ್ತಿದ್ದವರೆಲ್ಲ ಬಾಯಿ ತೊಳೆದುಕೊಂಡು ಬಂದು ಮತ್ತೆ ಪಂಕ್ತಿಯಲ್ಲಿ ಕೂತರು.

ಸೋದರಮಾವ ಅಡುಗೆಮನೆಗೇ ಬಂದು ಕೇಳಿದರು, "ಯಾರ್ರೀ ಇದನ್ನ ಮಾಡಿದ್ದು?"

ಕಂಟ್ರಾಕ್ಟರ್ ಬೆವರು ಒರೆಸಿಕೊಂಡು, "ನಮ್ಮೋರೇ. ನಮ್ಮ ಹೊಸ ಅಡುಗೆಯವರು" ಅಂದರು.

ಅಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಹೌದಾ? ಯಾವಾಗಿಂದ?"

ಕಂಟ್ರಾಕ್ಟರ್ ಹೊರಗೆ ಕೂತ ಪಂಕ್ತಿ ನೋಡಿದರು, ಕೆಳಗಿಟ್ಟ ಸೌಟು ನೋಡಿದರು. "ಈಗಿಂದ ಮಾರಾಯ್ತಿ, ಈ ನಿಮಿಷದಿಂದ! ಕೈ ಬೇಕಾದ್ರೂ ಮುಗೀತೀನಿ, ಮೊದ್ಲು ಸೌಟು ತಗೊ!"