ಚಿತ್ ಆದ ಮೇಲೂ ಎದ್ದು ನಿಂತವರು

ಊರಿಗೆ ಟೀವಿ ಬಂದ ಮೇಲೆ ನಗಬೇಕಾದರೆ ಟೀವಿ ನೋಡುವ ಅಗತ್ಯವೇ ಇರಲಿಲ್ಲ, ಅದರ ಮುಂದೆ ಕೂತವರನ್ನು ನೋಡಿದರೆ ಸಾಕಾಗುತ್ತಿತ್ತು. ಅದರಲ್ಲೂ ಕುಸ್ತಿ ಬರುವ ಸಂಜೆ ಏನಾದರೊಂದು ಆಗದೆ ಹೋದದ್ದು ನನಗಂತೂ ನೆನಪಿಲ್ಲ.

ನಾನು ಆಗ ಸೇಡಂ ಮತ್ತು ಚಿತ್ತಾಪುರದ ನಡುವಿನ ಒಂದು ಹಳ್ಳಿಯಲ್ಲಿ ಶಾಲೆ ಮಾಸ್ತರ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸರ್ಕಾರ ಊರಿಗೆಲ್ಲ ಸೇರಿ ಒಂದು ಟೀವಿ ಕೊಟ್ಟಿತ್ತು. ಅದನ್ನು ಶಾಲೆಯ ಪಡಸಾಲೆಯಲ್ಲಿ ಕಟ್ಟಿಗೆಯ ಕಪಾಟಿನೊಳಗೆ ಇಟ್ಟು ಕೀಲಿಕೈ ನನ್ನ ಕೈಗೆ ಕೊಟ್ಟಿದ್ದರು. ಅದನ್ನು ನಾನು ಉಡದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದೆ. ಅಲ್ಲಿಯ ತನಕ ನನ್ನನ್ನು ನೋಡಿದರೆ ಎದ್ದು ನಿಲ್ಲದ ಜನ, ಆಮೇಲೆ ದೂರದಿಂದಲೇ ನಮಸ್ಕಾರ ಮಾಡತೊಡಗಿದರು. ಕಣ್ಣು ಮಾತ್ರ ನನ್ನ ಸೊಂಟದ ಮೇಲೆ.

ನಾಚಿಕೆ

ಕಾರ್ಯಕ್ರಮಗಳು ಹೈದರಾಬಾದಿನ ಕಡೆಯಿಂದ ಬರುತ್ತಿದ್ದವು. ಎರೆಹುಳದ ಗೊಬ್ಬರ, ಕೋಳಿ ರೋಗ, ಭಜನೆ, ಹೀಗೇ ನಡೆದಿತ್ತು. ಒಂದು ಸಂಜೆ ಯಾರಿಗೂ ಹೇಳದೆ ಕೇಳದೆ ಫ್ರೀಸ್ಟೈಲ್ ಕುಸ್ತಿ ಶುರುವಾಯಿತು. ಹಗ್ಗ ಕಟ್ಟಿದ ಅಟ್ಟದ ಮೇಲೆ ಇಬ್ಬರು ದಾಂಡಿಗರು. ಒಬ್ಬನಿಗೆ ಬಿಳಿ ಚಡ್ಡಿ. ಇನ್ನೊಬ್ಬನಿಗೆ ಕರಿ ಚಡ್ಡಿ, ಮುಖ ಪೂರ್ತಿ ಮುಚ್ಚುವ ಮುಸುಕು, ಕಣ್ಣಿಗೆ ಎರಡು ತೂತು.

ಮುಂದೆ ಕೂತ ಹೆಣ್ಣುಮಕ್ಕಳೆಲ್ಲ ಒಮ್ಮೆಲೇ ಸೆರಗು ಎಳೆದುಕೊಂಡರು. ಪರಗಂಡಸರು ಬರೀ ಮೈಯಲ್ಲಿ ನಿಂತು ತಮ್ಮ ಕಡೆಗೇ ನೋಡುತ್ತಿದ್ದಾರೆ, ಕೂಡುವುದು ಹೇಗೆ? ಅರ್ಧ ಜನ ಎದ್ದು ಹೊರಟೇ ಬಿಟ್ಟರು. ಒಬ್ಬಾಕೆ ಮಾತ್ರ ಕಾಲು ಚಾಚಿ, ಎಲೆ ಅಡಿಕೆ ಮೆಲ್ಲುತ್ತ ಆರಾಮ ಕೂತಿದ್ದಳು. ಆಕೆ ನಮ್ಮೂರ ವಸ್ತಾದನ ಹೆಂಡತಿ. ವಸ್ತಾದ ಅಂದರೆ ಕುಸ್ತಿ ಕಲಿಸುವ ಗುರು, ಊರ ತಾಲೀಮಿನ, ಅಂದರೆ ಗರಡಿಮನೆಯ, ಯಜಮಾನ.

"ಯವ್ವಾ, ನಿನಗ ನಾಚಿಕಿ ಬರಂಗಿಲ್ಲೇನು?" ಎಂದು ಯಾರೋ ಕೇಳಿದರು.

"ಮದಿವಿ ಆದಾಗಿಂದ ಊರ ಹುಡುಗ್ರವೆಲ್ಲ ಲಂಗೋಟಿ ಒಗ್ಯಾಕತ್ತೀನಿ," ಅಂದಳು ಆಕೆ. "ಇವಾದರ ಚಡ್ಡಿ. ಒಗ್ಯಾಕ ನನ್ನ ಕಡಿ ಬರಂಗಿಲ್ಲಲ್ಲ, ಅದೇ ಖುಷಿ."

ಚಿತ್

ವಸ್ತಾದನ ಹೆಂಡತಿ ವಾರಾ ವಾರಾ ಟೀವಿ ಮುಂದೆ ಕೂತು, ಮನೆಗೆ ಬಂದು ಮುಸುಕಿನವನ ಪಟ್ಟುಗಳನ್ನು ವರ್ಣಿಸತೊಡಗಿದಳು. ವಸ್ತಾದನಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ತಲೆಗೆ ಪಟಗಾ ಸುತ್ತಿಕೊಂಡು, ಬೆತ್ತ ಹಿಡಿದು ತಾನೇ ಬಂದ. ಅರವತ್ತು ದಾಟಿದ ಮನುಷ್ಯ, ಆದರೆ ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುತ್ತಿರಲಿಲ್ಲ. ಊರ ಜನ ಜರುಗಿ ನಡುಮಧ್ಯ ಜಾಗ ಕೊಟ್ಟರು.

ಕುಸ್ತಿ ಶುರುವಾಯಿತು. ಮುಸುಕಿನವ ಎದೆ ಬಡಿದುಕೊಂಡು ಮುನ್ನುಗ್ಗಿದ, ಬಿಳಿ ಚಡ್ಡಿಯವ ಅವನನ್ನೆತ್ತಿ ದಬ್ ಎಂದು ಅಂಗಾತ ಕೆಡವಿದ. ವಸ್ತಾದ ಎದ್ದು ನಿಂತ.

"ಎಡಗಾಲು ಮುಂದಿಟ್ಟವ ಬೀಳಲಾರದ ಏನ್ ಮಾಡ್ತಾನ? ಚಿತ್! ಮುಗೀತು. ಏಳ್ರಿ, ನಡೀರಿ ಮನಿಗಿ."

ನಮ್ಮ ಕಡೆಯ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಅದು ಚಿತ್. ಆಮೇಲೆ ಮಾತಿಲ್ಲ, ಗೆದ್ದವನಿಗೆ ಪಟಗಾ, ಸೋತವನಿಗೆ ಮನೆ ದಾರಿ. ಟೀವಿಯಲ್ಲಿ ಮಾತ್ರ ಅಂಗಾತ ಬಿದ್ದ ಮುಸುಕಿನವ ಎದ್ದು ಮತ್ತೆ ಎದೆ ಬಡಿದುಕೊಳ್ಳುತ್ತಿದ್ದ.

"ವಸ್ತಾದ್, ಅವ ಎದ್ದು ನಿಂತಾನಲ್ರಿ," ಎಂದೆ ನಾನು ಮೆಲ್ಲಗೆ.

"ಎದ್ದು ನಿಂತ್ರ? ಸತ್ತವ ಎದ್ದು ಕುಂತ್ರ ಮಣ್ಣು ಮಾಡಿದ್ದು ಸುಳ್ಳಾಗ್ತದೇನು? ಮಾಸ್ತರ್, ಕಪಾಟ ಹಾಕ್ರಿ."

ನನ್ನ ಮೈಕಟ್ಟು ಅಂಗಿ ತೂಗುಹಾಕುವ ಗೂಟಕ್ಕಿಂತ ಹೆಚ್ಚಿನದಲ್ಲ. ಮರುಮಾತಾಡದೆ ಕಪಾಟು ಮುಚ್ಚಿ ಕೀಲಿ ಹಾಕಿದೆ. ಒಳಗೆ ಇನ್ನೂ ಜನರ ಗದ್ದಲ, ಸೀಟಿ, ಗಂಟೆಯ ಸದ್ದು. ಹೊರಗೆ ಊರಿಗೆ ಊರೇ ಎದ್ದು, ಬಾಯಿ ಮುಚ್ಚಿಕೊಂಡು ಮನೆಗೆ ಹೋಯಿತು.

ಮರುದಿನ ಊರ ಗೌಡರು ಸಿಕ್ಕು ಕೇಳಿದರು, "ನಿನ್ನಿ ನಾ ಬರ್ಲಿಕ್ಕೆ ಆಗ್ಲಿಲ್ಲ ಮಾಸ್ತರ. ಕುಸ್ತ್ಯಾಗ ಯಾರು ಗೆದ್ರು?"

"ವಸ್ತಾದ್ ಗೆದ್ರ್ರಿ," ಅಂದೆ.

ತಾಲೀಮಿಗೆ ಹಚ್ಚಿದ ಪಾಳಿ

ಹೀಗೆ ಒಂದು ಸಂಜೆ ಗೆದ್ದನೇನೋ ಸರಿ, ಆದರೆ ಊರ ಹುಡುಗರು ಟೀವಿಯ ಕಡೆಗೇ ವಾಲಿಬಿಟ್ಟರು. ತಾಲೀಮಿಗೆ ಹೋದರೆ ನಸುಕಿನಲ್ಲಿ ಏಳಬೇಕು, ಸಲಿಕೆ ಹಿಡಿದು ಅಖಾಡದ ಕೆಂಪು ಮಣ್ಣು ಅಗೆಯಬೇಕು, ಬೈಠಕ್ ಹೊಡೆಯಬೇಕು, ಮೇಲೆ ವಸ್ತಾದನ ಬೆತ್ತ ಬೇರೆ. ಫ್ರೀಸ್ಟೈಲಿಗೆ ಹಗ್ಗ ಇದ್ದರೆ ಸಾಕು. ಎತ್ತು ಕಟ್ಟುವ ಹಗ್ಗ ತಂದು ನಾಲ್ಕು ಬೇವಿನ ಗಿಡಗಳಿಗೆ ಬಿಗಿದು, ಗಿಡದ ಟೊಂಗೆಯಿಂದ ಒಬ್ಬರ ಮೇಲೊಬ್ಬರು ಹಾರತೊಡಗಿದರು.

ಆದರೆ ಅವರು ಒಂದು ಮಾತು ಮರೆತಿದ್ದರು. ನಮ್ಮ ಕಡೆ ಕೈ ಉಳುಕಿದರೂ ಕಾಲು ಉಳುಕಿದರೂ ಎಣ್ಣೆ ಹಚ್ಚಿ ನೀವಿ ಸರಿ ಮಾಡುವವನು ಮತ್ತೆ ಅದೇ ವಸ್ತಾದ. ಒಬ್ಬ ಕುಂಟುತ್ತ ಬಂದ, ಒಬ್ಬ ಮೊಣಕೈ ಹಿಡಿದುಕೊಂಡು ಬಂದ, ಇನ್ನೊಬ್ಬನ ಕತ್ತು ಚಿತ್ತಾಪುರದ ಕಡೆ ತಿರುಗಿದ್ದು ಸೇಡಂ ಕಡೆ ಬರಲೊಲ್ಲದು.

"ಮುಸುಕಿನವನ್ನ ಕರೀರಿ, ಅವ ಹಚ್ಚಲಿ ಎಣ್ಣಿ," ಎಂದು ವಸ್ತಾದ ಬೈಯುವುದೂ, ಬೈಯುತ್ತಲೇ ಎಣ್ಣೆ ಬಿಸಿ ಮಾಡುವುದೂ ನಡೆಯಿತು.

ಹೆಂಡತಿ ಹೊಸ್ತಿಲಲ್ಲಿ ನಿಂತು ಅಂದಳು, "ತಾಲೀಮಿಗಿ ಹುಡುಗ್ರು ಬರವೊಲ್ರು ಅಂತ ಅಳ್ಲಿಕತ್ತಿದ್ದಿ. ನೋಡು, ಸಾಲಾಗಿ ಪಾಳಿ ಹಚ್ಚ್ಯಾರ."

ಯೂರಿಯಾ

ನಗುವುದು ನಕ್ಕೆವು, ಆದರೆ ಸಂಗತಿ ಹಗುರಾಗಿರಲಿಲ್ಲ. ಗೌಡರು ಒಂದು ದಿನ ತಾಲೀಮಿನ ಒಳಗೆ ಬಂದು ಸುತ್ತಲೂ ನೋಡಿದರು. ಗಟ್ಟಿ ಗೋಡೆ, ಸೋರದ ಮಾಳಿಗೆ.

"ವಸ್ತಾದ್, ಹುಡುಗ್ರಂತೂ ಬರಂಗಿಲ್ಲ. ಉಗಾದಿ ತನಾ ನೋಡ್ತೀನಿ. ಆಮ್ಯಾಲ ಇಲ್ಲಿ ಯೂರಿಯಾ ಚೀಲ ಇಡಸ್ತೀನಿ. ಮಳಿಗಾಲಕ್ಕ ಊರಿಗಿ ಉಪಯೋಗ ಆಗ್ತದ."

ವಸ್ತಾದ ಸಲಿಕೆ ಎತ್ತಿಕೊಂಡು ಅಖಾಡಕ್ಕೆ ಇಳಿದ. ಎಣ್ಣೆ, ಮಜ್ಜಿಗೆ, ಅರಿಶಿಣ ಹಾಕಿ ವರ್ಷಾನುಗಟ್ಟಲೆ ಹದ ಮಾಡಿದ ಮಣ್ಣು ಅದು. ದಿನಾ ಅಗೆಯದಿದ್ದರೆ ಕಲ್ಲಾಗುತ್ತದೆ ಎಂದು ತಾನೊಬ್ಬನೇ ಅಗೆಯುತ್ತಿದ್ದ. ನನಗೆ ಅದನ್ನು ನೋಡಿ ಬಹಳ ಕೆಡುಕೆನಿಸಿತು. ಟೀವಿಯ ಕೀಲಿಕೈಯನ್ನು ಬಾವಿಗೆ ಎಸೆಯಬೇಕೆಂದೂ ಅನಿಸಿತು. ಎಸೆಯಲಿಲ್ಲ, ನನಗೂ ಮುಸುಕಿನವನ ಹುಚ್ಚು ಹಿಡಿದಿತ್ತು.

"ಆ ಕಾಗಿಣಾ ಹೊಳಿ ದಂಡಿ ಹುಡುಗ ಇದ್ದಿದ್ರ ಹಿಂಗ ಆಗ್ತಿರ್ಲಿಲ್ಲ," ಅಂದಳು ವಸ್ತಾದನ ಹೆಂಡತಿ. ವಸ್ತಾದನ ಕೈಯಲ್ಲಿ ಪಳಗಿದವರಲ್ಲೆಲ್ಲ ಅವನೇ ಮೇಲು. ಒಂದು ಕುಸ್ತಿಯಲ್ಲಿ ಸೋತಾಗ ವಸ್ತಾದ ಎಲ್ಲರೆದುರು ಬೈದನೆಂದು ಹೈದರಾಬಾದಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅವನ ಲಂಗೋಟಿ ಮಾತ್ರ ತಾಲೀಮಿನ ಗೂಟದ ಮೇಲೆ ಹಾಗೇ ಇತ್ತು.

"ಅದನ್ನಾದ್ರೂ ತೆಗಿ," ಅಂದಳು.

"ಇರ್ಲಿ ಬಿಡು," ಅಂದ ವಸ್ತಾದ. "ಯೂರಿಯಾಕ್ಕ ಅದೇನ್ ಅಡ್ಡ ಬರಂಗಿಲ್ಲ."

ಶಹಾಬಾದಿಗೆ

ಉಗಾದಿ ಇನ್ನೂ ದೂರವಿದ್ದಾಗ ಊರಿಗೆ ಒಂದು ಜೀಪು ಬಂತು. ಟೀವಿಯಲ್ಲಿ ಬಂದ ಪೈಲ್ವಾನರೇ ಶಹಾಬಾದಿನ ಮೈದಾನಕ್ಕೆ ಬರುತ್ತಾರೆ, ಮುಸುಕಿನವನೂ ಬರುತ್ತಾನೆ, ಅವನ ಹೆಸರು ಬಗ್ದಾದಿನ ಸಿಡಿಲು ಎಂದು ಜೀಪಿನ ಮೇಲೆ ಕಟ್ಟಿದ ಮೈಕಿನ ಭೋಂಗಾ ಕೂಗಿತು. ಸೇಡಂ, ವಾಡಿ, ಚಿಂಚೋಳಿ ಎಲ್ಲ ಕಡೆ ಅದೇ ಸುದ್ದಿ.

"ನಾನೂ ಬರ್ತೀನಿ," ಅಂದ ವಸ್ತಾದ. "ಟೀವ್ಯಾಗ ಬಂದಾಗ ಕಪಾಟ ಹಾಕ್ಸಿದ್ದೆ. ಅಲ್ಲಿ ಎಲ್ಲಾರ ಎದುರು ಹೇಳ್ತೀನಿ, ಇದು ಕುಸ್ತಿ ಅಲ್ಲ ಅಂತ. ಆಮ್ಯಾಲಾದ್ರೂ ಹುಡುಗ್ರಿಗಿ ಬುದ್ಧಿ ಬರ್ತದ."

ಅವನಿಗೆ ಉಳಿದದ್ದು ಅದೊಂದೇ ದಾರಿ ಎಂದು ನನಗೆ ಗೊತ್ತಿತ್ತು. ಚಿತ್ತಾಪುರದಲ್ಲಿ ಪ್ಯಾಸೆಂಜರ್ ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದ್ ಮುಟ್ಟಿದೆವು. ವಸ್ತಾದ, ಅವನ ಹೆಂಡತಿ, ನಾನು, ಊರ ಹುಡುಗರ ಹಿಂಡು. ಜೊತೆಗೆ ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ವಾಡಿಯಲ್ಲಿ ಗಾಡಿ ತಡವಾದ್ದರಿಂದ ರೊಟ್ಟಿಯೆಲ್ಲ ಅಲ್ಲಿಯೇ ಖರ್ಚಾಯಿತು.

ಮೈದಾನದಲ್ಲಿ ಹಾಸಿದ ಫರಸಿ ಕಲ್ಲಿನ ಚಪ್ಪಡಿಗಳ ಮೇಲೆ ಜನವೋ ಜನ. ಅಟ್ಟದ ಸುತ್ತ ಕಟ್ಟಿದ ಹಗ್ಗ ನೋಡಿ ಹೆಂಡತಿ ಕೇಳಿದಳು, "ಇದ್ಯಾಕ ಕಟ್ಟ್ಯಾರ?"

"ಪೈಲ್ವಾನ್ರು ಓಡಿ ಹೋಗಬಾರ್ದು ಅಂತ," ಅಂದ ವಸ್ತಾದ.

ಬಗ್ದಾದಿನ ಸಿಡಿಲು

ಮುಸುಕಿನವ ಬಂದ. ಅವನಿಗೆ ನಮ್ಮ ದೇಶದ ಯಾವ ಭಾಷೆಯೂ ಬರುವುದಿಲ್ಲವಂತೆ. ಅವನು ಗುರ್ ಎಂದಾಗಲೆಲ್ಲ ಹೈದರಾಬಾದಿನ ಮ್ಯಾನೇಜರ್ ಮೈಕ್ ಹಿಡಿದು ಅದನ್ನು ಉರ್ದುವಿಗೆ ತಿರುಗಿಸುತ್ತಿದ್ದ. ಒಂದು ಗುರ್ ಅಂದರೆ, "ನಿಮ್ಮ ಎಲುಬು ಪುಡಿ ಮಾಡುತ್ತೇನೆ." ಎರಡು ಗುರ್ ಅಂದರೆ, "ನಿಮ್ಮ ಊರೇ ಪುಡಿ ಮಾಡುತ್ತೇನೆ." ಹೆಂಗಸರ ಸಾಲಿನಲ್ಲಿ ಕೂಸುಗಳು ಅತ್ತವು.

ಸಿಡಿಲು ಅಟ್ಟ ಹತ್ತುವ ಮುಂಚೆ ಬಗ್ಗಿ, ಹಲಗೆ ಮುಟ್ಟಿ, ಕೈಯನ್ನು ಹಣೆಗೆ ಹಚ್ಚಿಕೊಂಡ. ಅಖಾಡಕ್ಕೆ ಇಳಿಯುವಾಗ ನಮ್ಮ ಹುಡುಗರು ಮಣ್ಣಿಗೆ ನಮಸ್ಕರಿಸುವುದು ಹೀಗೆಯೇ. ಹೆಂಡತಿ ವಸ್ತಾದನ ಪಕ್ಕೆ ತಿವಿದಳು. ವಸ್ತಾದ ಆಗಲೇ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

ಗಂಟೆ ಹೊಡೆಯಿತು. ಸಿಡಿಲು ಎಡಗಾಲು ಮುಂದಿಟ್ಟು ನುಗ್ಗಿದ. ವಸ್ತಾದ ಎದ್ದು ನಿಂತು ಇಡೀ ಮೈದಾನಕ್ಕೆ ಕೇಳುವಂತೆ ಗುಡುಗಿದ.

"ಏ ಮಂಗ್ಯಾ! ಎಡಗಾಲು ಮುಂದ ಇಡಬ್ಯಾಡ ಅಂತ ಎಷ್ಟು ಸಲ ಬಡಕೊಂಡೀನಿ!"

ಬಗ್ದಾದಿನ ಸಿಡಿಲು ನಿಂತಲ್ಲೇ ನಿಂತಿತು. ಎಡಗಾಲು ಹಿಂದೆ ತೆಗೆಯಿತು. ಕೈ ಕಟ್ಟಿತು.

"ತಪ್ಪಾತ್ರಿ ವಸ್ತಾದ್!" ಎಂದಿತು, ಅಚ್ಚ ಸೇಡಂ ಸೀಮೆಯ ಕನ್ನಡದಲ್ಲಿ.

ಮ್ಯಾನೇಜರನಿಗೆ ಕನ್ನಡದ ಗಂಧವಿಲ್ಲ. ಅಭ್ಯಾಸಬಲದಿಂದ ಮೈಕ್ ಬಾಯಿಗೆ ತಂದು ಕೂಗಿದ, "ಸಿಡಿಲು ಹೇಳುತ್ತಿದ್ದಾನೆ, ಇವತ್ತು ಇಲ್ಲಿಂದ ಒಬ್ಬನೂ ಜೀವಂತ ಹೋಗುವುದಿಲ್ಲ!"

ಶಹಾಬಾದ್ ಅಂದು ನಕ್ಕ ನಗುವಿಗೆ ವಾಡಿಯ ಜನ ಎದ್ದು ಕೂತಿರಬೇಕು. ಅಳುತ್ತಿದ್ದ ಕೂಸುಗಳೂ ಸುಮ್ಮನಾದವು. ಸಿಡಿಲು ಹಗ್ಗ ದಾಟಿ ಕೆಳಗಿಳಿದು, ಜನರ ನಡುವೆ ಬಂದು ವಸ್ತಾದನ ಕಾಲಿಗೆ ಬಿದ್ದ.

"ಮುಸುಕ ತಗದು ಬೀಳು," ಅಂದ ವಸ್ತಾದ.

"ತಗದ್ರ ನೌಕರಿ ಹೋಗ್ತದ್ರಿ."

"ಹಂಗಾರ ಇರ್ಲಿ. ಮಾರಿ ಯಾರದಾರ ಇರ್ಲಿ, ನೀ ಬಿದ್ದ ಕಾಲಂತೂ ನನ್ನವೇ ಅದಾವ."

"ವಸ್ತಾದ್, ಇವತ್ತ ಸೋಲೂ ಪಾಳಿ ನಂದದ್ರಿ. ಮ್ಯಾನೇಜರ್ ಹೇಳ್ಯಾನ."

"ಸೋಲು. ಬ್ಯಾಡ ಅಂದವರ್ಯಾರು? ಆದ್ರ ನನ್ನ ಮುಂದ ಚಿತ್ ಆದಿ ಅಂದ್ರ ಊರ ಕಡಿ ಮಾರಿ ಹಾಕಬ್ಯಾಡ."

ಪಾಪ, ಸೋಲಬೇಕು, ಬೆನ್ನು ಮಾತ್ರ ನೆಲಕ್ಕೆ ಹತ್ತಬಾರದು. ಆಮೇಲೆ ನಡೆದದ್ದು ಟೀವಿಯಲ್ಲಿ ಎಂದೂ ನೋಡದ ಕುಸ್ತಿ. ಬಿಳಿ ಚಡ್ಡಿಯವ ಎತ್ತಿ ಒಗೆದಂತೆಲ್ಲ ಸಿಡಿಲು ಹೊಟ್ಟೆಯ ಮೇಲೆ ಬೀಳುತ್ತಿದ್ದ, ಮಗ್ಗಲಿಗೆ ಬೀಳುತ್ತಿದ್ದ, ತಲೆ ಕೆಳಗಾಗಿ ನಿಲ್ಲುತ್ತಿದ್ದ, ಬೆನ್ನು ಮಾತ್ರ ಊರಲೊಲ್ಲ. ಬಿಳಿ ಚಡ್ಡಿಯವ ಏದುಸಿರು ಬಿಡುತ್ತ, "ಬೀಳೋ ಮಾರಾಯಾ, ಬೀಳು!" ಎಂದು ತೆಲುಗಿನಲ್ಲಿ ಕೈ ಮುಗಿದ. ಮ್ಯಾನೇಜರ್ ತಲೆ ತಲೆ ಚಚ್ಚಿಕೊಂಡ. ಕಡೆಗೆ ಸಿಡಿಲು ತಾನೇ ಹಗ್ಗ ಹಾರಿ, ಮೈದಾನದ ಗೇಟಿನ ತನಕ ಓಡಿಹೋಗಿ ಸೋತ.

"ನೋಡ್ರ್ಯೋ," ಅಂದ ವಸ್ತಾದ ನಮ್ಮ ಹುಡುಗರ ಕಡೆ ತಿರುಗಿ, "ಸೋತ್ರೂ ಬೆನ್ನಿಗಿ ಧೂಳ ಹತ್ತಿಲ್ಲ. ಇದು ನಮ್ಮ ತಾಲೀಮು."

ಮುಸುಕು

ಎರಡು ದಿನ ಬಿಟ್ಟು ನಸುಕಿನಲ್ಲಿ ಗೌಡರು ನನ್ನನ್ನು ಕರೆದುಕೊಂಡು ತಾಲೀಮಿಗೆ ಹೊರಟರು, ಎಷ್ಟು ಚೀಲ ಹಿಡಿಯುತ್ತವೆ ನೋಡೋಣ ಎಂದು. ದೂರದಿಂದಲೇ ಬೈಠಕ್ ಹೊಡೆಯುವ ಸದ್ದು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಊರ ಹುಡುಗರೆಲ್ಲ ಅಲ್ಲಿದ್ದರು. ಎಲ್ಲರ ಮುಖಕ್ಕೂ ಮುಸುಕು! ಹಳೇ ಲುಂಗಿ, ಅವ್ವನ ಕುಪ್ಪಸದ ಬಟ್ಟೆ, ಜೋಳದ ಚೀಲ, ಯಾವುದು ಸಿಕ್ಕಿತೋ ಅದಕ್ಕೆ ಎರಡು ತೂತು. ಬಗ್ದಾದಿನ ಸಿಡಿಲು ಇಲ್ಲಿಯೇ ಕಲಿತದ್ದು ಅಂದ ಮೇಲೆ ಸಿಡಿಲಾಗಲು ಬೇರೆ ಎಲ್ಲಿಗೆ ಹೋಗಬೇಕು?

ಗೂಟದ ಮೇಲಿನ ಲಂಗೋಟಿ ಇರಲಿಲ್ಲ. ಅದರ ಯಜಮಾನ, ಎರಡು ದಿನದ ರಜೆ ಹಾಕಿ ಬಂದವನು, ಬರಿ ಮುಖದಲ್ಲಿ ಅಖಾಡದ ಮಣ್ಣು ಅಗೆಯುತ್ತಿದ್ದ. ವಸ್ತಾದ ಬೆತ್ತ ಹಿಡಿದು ಮುಸುಕುಗಳ ನಡುವೆ ತಿರುಗುತ್ತಿದ್ದ. ಯಾರು ಯಾರೆಂದು ತಿಳಿಯದೆ ಹೆಸರು ಹಿಡಿದು ಬೈಯಲಾಗದೆ ಅವನಿಗೆ ಭಾಳ ಕಷ್ಟವಾಗಿತ್ತು.

"ಯೂರಿಯಾ ನಮ್ಮ ದನದ ಕೊಟ್ಟಿಗ್ಯಾಗ ಇಡೂನು ಬಿಡ್ರಿ," ಅಂದರು ಗೌಡರು ನನ್ನ ಕಿವಿಯಲ್ಲಿ.

ಅಷ್ಟರಲ್ಲಿ ವಸ್ತಾದನ ಹೆಂಡತಿ ಒಗೆಯುವ ಬಟ್ಟೆಯ ಬುಟ್ಟಿ ಹಿಡಿದು ಬಂದಳು. ಬೆವರಿನಿಂದ ತೊಯ್ದು ತಪ್ಪಡಿಯಾದ ಮುಸುಕುಗಳನ್ನು ಒಂದೊಂದಾಗಿ ನೋಡಿದಳು. ಬುಟ್ಟಿ ನೆಲಕ್ಕೆ ಕುಕ್ಕಿ ಗಂಡನ ಕಡೆ ತಿರುಗಿದಳು.

"ಇಷ್ಟು ದಿನ ಲಂಗೋಟಿ ಒಗದೆ. ಇನ್ನ ಮ್ಯಾಲ ಇವ್ರ ಮಾರೀನೂ ನಾನೇ ಒಗೀಬೇಕೇನು?"